ಚಕ್ಕುಬಂದಿಯ ಆಚೆಯ ನಾಲ್ಕು ಅಡಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ಹಿರಿಯರು ಉರ್ದು ಓದುತ್ತಾರೆ, ಮಕ್ಕಳು ಇಂಗ್ಲಿಷ್ ಓದುತ್ತಾರೆ, ಆಸ್ತಿಯ ಪತ್ರ ಮಾತ್ರ ಕನ್ನಡದಲ್ಲಿದೆ. ಅದೂ ಐವತ್ತು ವರ್ಷಗಳ ಹಿಂದೆ ಪತ್ರಬರಹಗಾರರೊಬ್ಬರು ಛಾಪಾ ಕಾಗದದ ಮೇಲೆ, ಒಂದೂ ವಿರಾಮಚಿಹ್ನೆ ಇಲ್ಲದೆ, ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದ ಕನ್ನಡ. ನಾನು ಮದ್ರಸದಲ್ಲಿ ಕಲಿತವನು. ಆಮೇಲೆ ಕನ್ನಡದಲ್ಲಿ ಬಿ.ಎ. ಮಾಡಿದೆ. ಆ ಪದವಿಯಿಂದ ನನ್ನ ಸಂಬಳವೇನೂ ಹೆಚ್ಚಲಿಲ್ಲ, ಆದರೆ ಮೊಹಲ್ಲಾದಲ್ಲಿ ಪತ್ರ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಸರ್ ನಮಾಝಿನ ಬಳಿಕ ಯಾರಾದರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳನ್ನು ಎದೆಗೊತ್ತಿಕೊಂಡು ಮಸೀದಿಯ ಮೆಟ್ಟಿಲ ಬಳಿ ಕಾದಿರುತ್ತಾರೆ.

ಆ ಪತ್ರಗಳ ಭಾಷೆ ನನಗೆ ಬಲು ಇಷ್ಟ. ‘ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಮುಂತಾದ ಅಷ್ಟಭೋಗ ತೇಜಸ್ವಾಮ್ಯ ಸಹಿತ’ ಎಂಬ ಮಾತು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತರಗತಿಯಲ್ಲಿ ದಾನಶಾಸನಗಳ ಪಾಠದಲ್ಲಿ ಕಂಡಿದ್ದ ಪದಪುಂಜವು ಮಾಗಡಿ ರಸ್ತೆಯ ಒಂದು ಗುಜರಿ ಅಂಗಡಿಯ ಕ್ರಯಪತ್ರದಲ್ಲಿ ಎದುರಾದಾಗ ಹಳೆಯ ಗೆಳೆಯನನ್ನು ಕಂಡಂತಾಗಿತ್ತು. ನೆಲದಡಿಯ ನಿಧಿ, ಹರಿಯುವ ನೀರು, ಬೆಳೆದ ಮರ, ಹುದುಗಿದ ಕಲ್ಲು, ಮುಂದೆ ಬರಬಹುದಾದ ಆದಾಯ ಎಲ್ಲವೂ ಕೊಂಡವನಿಗೆ ಸೇರುತ್ತವೆ ಎಂಬುದು ಅದರ ತಾತ್ಪರ್ಯ. ಕಾಯಿದೆಯ ಪ್ರಕಾರ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಪತ್ರಬರಹಗಾರರು ಅದಕ್ಕೆಲ್ಲ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ.

ಈ ಮಾತನ್ನು ಓದುವಾಗಲೆಲ್ಲ ನನಗೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅಬೂ ಹುರೈರಾ(ರ)ರಿಂದ ವರದಿಯಾದ ಒಂದು ಹದೀಸ್ ನೆನಪಾಗುತ್ತದೆ. ಹಿಂದಿನ ಕಾಲದಲ್ಲಿ ಒಬ್ಬನು ಇನ್ನೊಬ್ಬನಿಂದ ಜಮೀನು ಕೊಂಡನು. ಅದರಲ್ಲಿ ಅವನಿಗೆ ಚಿನ್ನ ತುಂಬಿದ ಮಡಕೆ ಸಿಕ್ಕಿತು. ನಾನು ಕೊಂಡದ್ದು ನೆಲವನ್ನು, ಚಿನ್ನವನ್ನಲ್ಲ, ನಿನ್ನದನ್ನು ನೀನು ತೆಗೆದುಕೋ ಎಂದು ಅವನು ಮಾರಿದವನ ಬಳಿಗೆ ಹೋದನು. ನೆಲವನ್ನೂ ಅದರೊಳಗಿನ ಎಲ್ಲವನ್ನೂ ನಿನಗೆ ಮಾರಿದ್ದೇನೆ ಎಂದು ಮಾರಿದವನು ವಾದಿಸಿದನು. ಅವನು ಹೇಳಿದ್ದು ಹೆಚ್ಚುಕಡಿಮೆ ನಮ್ಮ ‘ನಿಧಿ ನಿಕ್ಷೇಪ ಸಹಿತ’ವೇ ಅಲ್ಲವೇ? ನ್ಯಾಯ ಕೇಳಲು ಇಬ್ಬರೂ ಮೂರನೆಯವನ ಬಳಿಗೆ ಹೋದರು. ಒಬ್ಬನಿಗೆ ಮಗನಿದ್ದನು, ಇನ್ನೊಬ್ಬನಿಗೆ ಮಗಳಿದ್ದಳು. ಅವರಿಬ್ಬರಿಗೆ ಮದುವೆ ಮಾಡಿಸಿ, ಆ ಚಿನ್ನವನ್ನು ಅವರಿಗಾಗಿ ಖರ್ಚು ಮಾಡಿ, ಒಂದಿಷ್ಟನ್ನು ದಾನ ಮಾಡಿರೆಂದು ಅವನು ತೀರ್ಪಿತ್ತನು. ಈ ಹದೀಸನ್ನು ಪಾಠ ಮಾಡಿದ ದಿನ ನನ್ನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಹಜ್ರತ್, ಅವರ ನಡುವೆ ಬ್ರೋಕರ್ ಇರಲಿಲ್ಲವೇ?” ಎಂದು ಕೇಳಿದ್ದ. ಅವನ ತಂದೆ ಬ್ರೋಕರ್.

ಆ ಹುಡುಗನ ಪ್ರಶ್ನೆ ಈ ಪ್ರದೇಶಕ್ಕೆ ತಕ್ಕದ್ದೇ. ನಗರ ಸುಧಾರಣಾ ಟ್ರಸ್ಟ್ ಮಂಡಳಿಯ ಕಾಲದಲ್ಲಿ, 1949ರ ಹೊತ್ತಿಗೆ, ರಾಜಾಜಿನಗರವು ಕೈಗಾರಿಕಾ ಉಪನಗರವಾಗಿ ರೂಪುಗೊಳ್ಳತೊಡಗಿದಾಗ ಅದು ಕಾರ್ಖಾನೆಗಳಿಗೂ ಅಲ್ಲಿ ದುಡಿಯುವವರ ಮನೆಗಳಿಗೂ ಎಂದಿತ್ತು. ಮುಂದೆ ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಬೆಳೆದದ್ದೂ ಮನೆ ಕಟ್ಟುವವರಿಗಾಗಿಯೇ. ರಸ್ತೆಗೆ ಮುಖ ಮಾಡಿದ ಮನೆಯ ಪಡಸಾಲೆ ಮೊದಲು ಹೊಲಿಗೆಯಂಗಡಿಯಾಯಿತು, ಆಮೇಲೆ ದಿನಸಿ ಅಂಗಡಿಯಾಯಿತು, ಆಮೇಲೆ ಇಡೀ ನೆಲಮಹಡಿಯೇ ಮಳಿಗೆಗಳಾಯಿತು. ಕಾರ್ಖಾನೆಗಳು ಮುಚ್ಚಿದ ನೆಲದಲ್ಲಿ ಮಾಲ್‌ಗಳೂ ಗಗನಚುಂಬಿಗಳೂ ಎದ್ದವು. 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟವು ಮೂರನೆಯ ಹಂತಕ್ಕೆ ಒಪ್ಪಿಗೆ ನೀಡಿತು. ಅದರಲ್ಲಿ ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಮಾಗಡಿ ರಸ್ತೆಯುದ್ದಕ್ಕೂ ಹನ್ನೆರಡೂವರೆ ಕಿಲೋಮೀಟರಿನ ಮಾರ್ಗ ಸೇರಿದೆ. ಆ ಸುದ್ದಿಯ ಮರುವಾರವೇ ಕಾಮಾಕ್ಷಿಪಾಳ್ಯದ ಕಡೆಯ ಅಂಗಡಿ ಮಾಲೀಕರ ಮಾತಿನ ಧಾಟಿ ಬದಲಾದುದನ್ನು ನಾನು ಕಂಡೆ. ಅಲ್ಲಿ ಮಳಿಗೆಯನ್ನು ಚದರಡಿಯಲ್ಲಿ ಮಾರುತ್ತಾರೆ, ಆದರೆ ಬೆಲೆ ನಿರ್ಧಾರವಾಗುವುದು ರಸ್ತೆಗೆ ತೆರೆದುಕೊಂಡ ಮುಖದಿಂದ. ಹಿಂದಿನ ನೂರು ಅಡಿಗಿಂತ ಮುಂದಿನ ಹತ್ತು ಅಡಿಯೇ ದುಬಾರಿ.

ಬ್ರೋಕರ್‌ಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅವರನ್ನು ಹಳಿಯುವುದು ನಮ್ಮಲ್ಲಿ ಸುಲಭದ ಚಟವಾಗಿದೆ. ಖೈಸ್ ಬಿನ್ ಅಬೀ ಗರಝ(ರ) ಎಂಬ ಸಹಾಬಿ ಹೇಳುವಂತೆ, ಮದೀನದ ಪೇಟೆಯಲ್ಲಿ ಅವರನ್ನು ಜನ ‘ಸಮಾಸಿರ’, ಅಂದರೆ ದಲ್ಲಾಳಿಗಳು, ಎಂದು ಕರೆಯುತ್ತಿದ್ದರು. ಪ್ರವಾದಿವರ್ಯರು(ಸ) ಅವರಿಗೆ ಅದಕ್ಕಿಂತ ಒಳ್ಳೆಯ ಹೆಸರಿಟ್ಟು ‘ವರ್ತಕರೇ’ ಎಂದು ಕರೆದರು. ಬಳಿಕ, ಮಾರಾಟದಲ್ಲಿ ಪೊಳ್ಳು ಮಾತೂ ಆಣೆಯೂ ಸೇರಿಬಿಡುತ್ತವೆ, ಆದ್ದರಿಂದ ಅದರೊಂದಿಗೆ ದಾನವನ್ನು ಬೆರೆಸಿರಿ ಎಂದು ಉಪದೇಶಿಸಿದರು. ಮೊದಲು ಗೌರವ ಕೊಟ್ಟು ಆಮೇಲೆ ಎಚ್ಚರಿಸಿದ ಈ ಕ್ರಮವನ್ನು ನಾವು ಉಪದೇಶಕರು ಕಲಿಯಬೇಕಾಗಿದೆ.

ಕಳೆದ ಚಳಿಗಾಲದಲ್ಲಿ ನನ್ನ ಮುಂದೆ ಬಂದ ವ್ಯವಹಾರ ಇಂತಹ ಒಂದು ಮಳಿಗೆಯದು. ಹೆಸರುಗಳನ್ನು ಬರೆಯುವುದಿಲ್ಲ, ಇಬ್ಬರೂ ಇಂದಿಗೂ ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವವರು. ಮಾರುವವರು ಎಪ್ಪತ್ತು ದಾಟಿದ ಹಾಜಿ ಸಾಹೇಬರು. ಅವರ ತಂದೆ 1978ರಲ್ಲಿ ಕೊಂಡ ಮಳಿಗೆ. ಕೊಳ್ಳುವವನು ನನ್ನ ಹಾಗೆಯೇ ಕರಾವಳಿಯಿಂದ ಬಂದವನು. ಹದಿನಾಲ್ಕು ವರ್ಷ ದಮ್ಮಾಮಿನಲ್ಲಿ ದುಡಿದು, ಊರಿನಲ್ಲಿ ಮನೆ ಕಟ್ಟಿಸದೆ ಹಣ ಕೂಡಿಟ್ಟು, ಇಲ್ಲಿ ಬೇಕರಿ ನಡೆಸುತ್ತಿದ್ದಾನೆ. ಬಡ್ಡಿಯ ಸಾಲ ಮುಟ್ಟಬಾರದು ಎಂಬ ಹಠದಿಂದ ಇಷ್ಟು ವರ್ಷ ಬಾಡಿಗೆಯಲ್ಲೇ ಕಳೆದವನು. ಅದೇ ಮಳಿಗೆಯಲ್ಲಿ ಆರು ವರ್ಷಗಳಿಂದ ಅವನೇ ಬಾಡಿಗೆದಾರ. ಚದರಡಿಗೆ 25,000 ರೂಪಾಯಿಯಂತೆ 288 ಚದರಡಿಗೆ 72 ಲಕ್ಷ ಎಂದು ಮಾತಾಗಿತ್ತು. ಒಂದು ಲಕ್ಷ ಬಯಾನಾ ಕೊಟ್ಟಾಗಿತ್ತು.

‘ಬಯಾನಾ’ ಎಂಬ ಪದದ ಕುರಿತು ಒಂದು ಚಿಕ್ಕ ಮಾತು. ಬೆಂಗಳೂರಿನ ಉರ್ದುವಿನಲ್ಲಿ ಮುಂಗಡಕ್ಕೆ ಹಾಗೆನ್ನುತ್ತಾರೆ. ಅದರ ಮೂಲ ‘ಬೈಅ್’, ಅಂದರೆ ಮಾರಾಟ. ಕಿವಿಗೆ ಅದರಂತೆಯೇ ಕೇಳಿಸುವ ‘ಬಯಾನ್’ ಬೇರೆಯೇ ಧಾತುವಿನಿಂದ ಬಂದದ್ದು. ಬಿಡಿಸಿ ಹೇಳುವುದು, ಸ್ಪಷ್ಟಪಡಿಸುವುದು ಎಂದು ಅದರ ಅರ್ಥ. ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಪ್ರಸಿದ್ಧ ಹದೀಸಿನಲ್ಲಿ ಈ ಎರಡೂ ಧಾತುಗಳು ಜೊತೆಯಾಗಿ ಬರುತ್ತವೆ. ಮಾರುವವನೂ ಕೊಳ್ಳುವವನೂ ಸತ್ಯ ನುಡಿದು, ಇದ್ದುದನ್ನು ಬಿಡಿಸಿ ಹೇಳಿದರೆ ಅವರ ವ್ಯಾಪಾರದಲ್ಲಿ ಬರಕತ್ ಉಂಟಾಗುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿಸಿಹೋಗುತ್ತದೆ ಎಂಬುದು ಅದರ ಸಾರ. ನಮ್ಮಲ್ಲಿ ಬಯಾನಾ ಮೊದಲು ಬರುತ್ತದೆ, ಬಯಾನ್ ಬರುವುದೇ ಇಲ್ಲ.

ಹಾಜಿ ಸಾಹೇಬರು ಪತ್ರಗಳನ್ನು ತಂದುಕೊಟ್ಟರು. ಎಲ್ಲವೂ ಚೊಕ್ಕಟವಾಗಿದ್ದವು. ಮೂಲಪತ್ರವಿತ್ತು, ಇ-ಖಾತಾ ಆಗಿತ್ತು, ಋಣಭಾರ ಪ್ರಮಾಣಪತ್ರದಲ್ಲಿ ಯಾವ ಅಡಮಾನವೂ ಇರಲಿಲ್ಲ. ತಂದೆ ತೀರಿದ ಮೇಲೆ ಇಬ್ಬರು ಸಹೋದರಿಯರಿಗೆ ಅವರ ಪಾಲಿನ ಹಣ ಕೊಟ್ಟು ಹಕ್ಕು ಬಿಡುಗಡೆ ಪತ್ರವನ್ನೂ ನೋಂದಾಯಿಸಿದ್ದರು. ಸಹೋದರಿಯರ ಪಾಲನ್ನು ಹಣವಾಗಿಯೇ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಬಹುಪಾಲು ಬಿಡುಗಡೆ ಪತ್ರಗಳಲ್ಲಿ ತಂಗಿಗೆ ಸಿಕ್ಕಿರುವುದು ಒಂದು ಸೀರೆ ಮತ್ತು ಆಟೋ ಬಾಡಿಗೆ. ಆ ಪತ್ರವನ್ನು ನೋಡಿ ನನಗೆ ಅವರ ಮೇಲಿದ್ದ ಗೌರವ ಇಮ್ಮಡಿಯಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತು ಅವರಿಗೆ ಪ್ರಿಯವಾದುದಲ್ಲ.

1978ರ ಪತ್ರದ ಕೊನೆಯ ಪುಟದಲ್ಲಿ ಚಕ್ಕುಬಂದಿ ಇತ್ತು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಅಂಗಡಿ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ರಸ್ತೆ. ಅದರ ಕೆಳಗೆ ಅಳತೆ: ಪೂರ್ವ ಪಶ್ಚಿಮ 12 ಅಡಿ, ಉತ್ತರ ದಕ್ಷಿಣ 20 ಅಡಿ. ಅಂದರೆ 240 ಚದರಡಿ. ಇ-ಖಾತಾದಲ್ಲಿಯೂ ಅಷ್ಟೇ ಇತ್ತು. ಹಾಗಾದರೆ 288 ಎಲ್ಲಿಂದ ಬಂತು?

ಅದು ಬಂದ ಬಗೆ ಆ ರಸ್ತೆಯ ಹಳಬರೆಲ್ಲರಿಗೂ ಗೊತ್ತು. ಮೊದಲು ಮಳೆಗೆ ಅಡ್ಡವಾಗಿ ಒಂದು ತಗಡಿನ ಚಾವಣಿ ಬಂತು. ಅದರ ಕೆಳಗೆ ಗಿರಾಕಿಗಳು ಕೆಸರು ತುಳಿಯದಿರಲೆಂದು ಸಿಮೆಂಟಿನ ನೆಲ ಬಂತು. ರಾತ್ರಿ ಸಾಮಾನು ಇಡಲು ಎರಡು ಬದಿಗೆ ಮೊಣಕಾಲೆತ್ತರದ ಗೋಡೆ ಬಂತು. ಒಂದು ದಿನ ಷಟರ್ ಕೆಟ್ಟುಹೋಯಿತು. ಹೊಸ ಷಟರನ್ನು ಹಳೆಯ ಜಾಗದಲ್ಲಿ ಹಾಕದೆ ಹೊಸ ಗೋಡೆಯ ಅಂಚಿಗೆ ಹಾಕಿದರು. ಮೂವತ್ತು ವರ್ಷಗಳಲ್ಲಿ ಮಳಿಗೆ ನಾಲ್ಕು ಅಡಿ ದಕ್ಷಿಣಕ್ಕೆ ನಡೆದುಹೋಗಿತ್ತು. ಯಾರೂ ಒಂದೇ ರಾತ್ರಿಯಲ್ಲಿ ಕಬಳಿಸಿದ್ದಲ್ಲ. ಆ ಸಾಲಿನ ಒಂಬತ್ತು ಅಂಗಡಿಗಳೂ ಜೊತೆಜೊತೆಯಾಗಿಯೇ ನಡೆದಿವೆ.

ಹನ್ನೆರಡು ಅಡಿ ಅಗಲ, ನಾಲ್ಕು ಅಡಿ ಉದ್ದ: 48 ಚದರಡಿ. ಚದರಡಿಗೆ 25,000ದಂತೆ 12 ಲಕ್ಷ ರೂಪಾಯಿ.

ನಾನು ಹಾಜಿ ಸಾಹೇಬರಿಗೆ ಲೆಕ್ಕವನ್ನು ತೋರಿಸಿದೆ. ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಹಜ್ರತ್, ಆ ಜಾಗಕ್ಕೂ ಸೇರಿಸಿಯೇ ತೆರಿಗೆ ಕಟ್ಟುತ್ತಾ ಬಂದಿದ್ದೇನೆ” ಎಂದರು. ತೆರಿಗೆಯ ರಸೀದಿ ಒಡೆತನದ ಪತ್ರವಾಗುವುದಿಲ್ಲ ಎಂದು ಅವರಿಗೂ ತಿಳಿದಿತ್ತು. ಬ್ರೋಕರ್ ಅಲ್ಲೇ ಇದ್ದರು. ಆ ಪ್ರದೇಶದಲ್ಲಿ ಇಪ್ಪತ್ತು ವರ್ಷ ವ್ಯವಹಾರ ನಡೆಸಿದ, ಕಾಯಿದೆಯನ್ನೂ ಅರೆದು ಕುಡಿದ ಮನುಷ್ಯ. ಅವರು ನನಗೆ ಹೇಳಿದ್ದು ಹೀಗೆ: “ಮೇಷ್ಟ್ರೇ, ಕಣ್ಣಿಗೆ ಕಾಣದ ದೋಷವಿದ್ದರೆ ಹೇಳಬೇಕು. ಇದು ಟೇಪು ಹಿಡಿದರೆ ಕಾಣುವಂಥದ್ದು. ಹುಡುಗ ಆರು ವರ್ಷ ಅಲ್ಲೇ ಇದ್ದಾನೆ. ಅಳೆದು ನೋಡದಿದ್ದರೆ ತಪ್ಪು ಯಾರದು?”

ಅವರ ಮಾತಿಗೆ ಕಾನೂನಿನಲ್ಲಿ ಆಧಾರವಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಂ ಮಾರುವವನ ಕರ್ತವ್ಯವನ್ನು ಹೇಳುತ್ತದೆ. ಆಸ್ತಿಯಲ್ಲಿ ಅಥವಾ ಹಕ್ಕಿನಲ್ಲಿ ಇರುವ ಮಹತ್ವದ ದೋಷ ತನಗೆ ತಿಳಿದಿದ್ದು, ಕೊಳ್ಳುವವನಿಗೆ ತಿಳಿಯದೆ ಇದ್ದರೆ, ಸಾಮಾನ್ಯ ಎಚ್ಚರಿಕೆಯಿಂದಲೂ ಅವನು ಅದನ್ನು ಕಂಡುಹಿಡಿಯಲಾರದಂತಿದ್ದರೆ, ಮಾರುವವನು ತಿಳಿಸಬೇಕು. ಬ್ರೋಕರ್ ಹಿಡಿದುಕೊಂಡದ್ದು ಆ ‘ಸಾಮಾನ್ಯ ಎಚ್ಚರಿಕೆ’ಯನ್ನು. ಪ್ರವಾದಿವರ್ಯರ(ಸ) ಉಪದೇಶದಲ್ಲಿ ಆ ವಿನಾಯಿತಿ ನನಗೆ ಕಾಣಲಿಲ್ಲ. ಉಖ್ಬ ಬಿನ್ ಆಮಿರ್(ರ) ವರದಿ ಮಾಡಿದ ಹದೀಸಿನ ಪ್ರಕಾರ, ದೋಷವಿರುವ ವಸ್ತುವನ್ನು ಅದರ ದೋಷ ತಿಳಿಸದೆ ತನ್ನ ಸಹೋದರನಿಗೆ ಮಾರುವುದು ಮುಸ್ಲಿಮನಿಗೆ ಅನುಮತಿಸಲ್ಪಟ್ಟಿಲ್ಲ. ಕೊಳ್ಳುವವನು ಜಾಣನೋ ದಡ್ಡನೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಅಲ್ಲದೆ ಇಲ್ಲಿರುವುದು ಬರಿಯ ದೋಷವೂ ಅಲ್ಲ. ನಿನ್ನ ಬಳಿ ಇಲ್ಲದ್ದನ್ನು ಮಾರಬೇಡ ಎಂಬ ಇನ್ನೊಂದು ಹದೀಸ್ ಇದೆ. ಅದನ್ನು ಕೇಳಿಸಿಕೊಂಡವರೂ ಅದೇ ಹಕೀಮ್ ಬಿನ್ ಹಿಝಾಮ್(ರ).

ಹಕೀಮ್(ರ) ಪಕ್ಕಾ ವ್ಯಾಪಾರಿ. ಮಕ್ಕಾದಲ್ಲಿ ಖುರೈಶರ ಸಭಾಭವನವಾಗಿದ್ದ ದಾರುನ್ನದ್ವವನ್ನು ಮುಂದೆ ಅವರು ಮುಆವಿಯಾ(ರ)ರಿಗೆ ಒಂದು ಲಕ್ಷ ದಿರ್ಹಮ್‌ಗಳಿಗೆ ಮಾರಿದರೆಂದೂ ಆ ಹಣವನ್ನು ದಾನ ಮಾಡಿದರೆಂದೂ ಚರಿತ್ರೆಕಾರರು ಬರೆದಿದ್ದಾರೆ. ಕಟ್ಟಡ ಕೊಂಡು ಮಾರುವುದು ಧಾರ್ಮಿಕ ಮನುಷ್ಯನಿಗೆ ಒಗ್ಗದ ಕೆಲಸ ಎಂದು ಭಾವಿಸುವವರಿಗಾಗಿ ಇದನ್ನು ಹೇಳಿದೆ.

ಹಾಜಿ ಸಾಹೇಬರ ಮನಸ್ಸಿನಲ್ಲಿದ್ದ ಇನ್ನೊಂದು ವಿಷಯ ಎರಡು ದಿನಗಳ ಬಳಿಕ ಹೊರಗೆ ಬಂತು. ನೀವಿಬ್ಬರೂ ಒಂದೇ ಕಡೆಯವರು, ಅವನಿಗೆ ಹನ್ನೆರಡು ಲಕ್ಷ ಉಳಿಸಿಕೊಡುತ್ತಿದ್ದೀರಿ ಎಂದು ಅವರ ಮಗ ನನಗೆ ನೇರವಾಗಿಯೇ ಹೇಳಿದ. ನಾನು ವಾದಿಸಲಿಲ್ಲ. ಹನ್ನೆರಡು ಲಕ್ಷ ಸಣ್ಣ ಮೊತ್ತವಲ್ಲ. ಮಾತಾಗಿದ್ದ ಬೆಲೆಯ ಆರನೆಯ ಒಂದು ಭಾಗ. ಆ ಹಣದ ಮೇಲೆ ಆ ಮನೆಯವರು ಹಾಕಿಕೊಂಡಿದ್ದ ಲೆಕ್ಕಗಳಿದ್ದವು. ನಷ್ಟವನ್ನು ಅವರು ಹೊರಬೇಕು, ಉಪದೇಶ ಮಾತ್ರ ನನ್ನದು. ಇಂತಹ ಹೊತ್ತಿನಲ್ಲಿ ಉಪದೇಶಕನ ಬಾಯಿ ಒಣಗಬೇಕಾದದ್ದೇ. ಅವರಿಗೆ ಅಬೂ ರಾಫಿಅ್(ರ)ರ ಘಟನೆಯೊಂದನ್ನು ಹೇಳಿದೆ, ಅಷ್ಟೇ. ಸಅದ್ ಬಿನ್ ಅಬೀ ವಕ್ಕಾಸ್(ರ)ರ ಆವರಣದಲ್ಲಿ ಅಬೂ ರಾಫಿಅ್ ಅವರಿಗೆ ಎರಡು ಕೋಣೆಗಳಿದ್ದವು. ಹೊರಗಿನವರು ಅವುಗಳಿಗೆ 500 ದೀನಾರ್ ಕೊಡಲು ಸಿದ್ಧರಿದ್ದರು. ಸಅದ್ ಅವರು 4,000 ದಿರ್ಹಮ್‌ಗಿಂತ ಹೆಚ್ಚು ಕೊಡಲಾರೆ, ಅದೂ ಕಂತಿನಲ್ಲಿ ಎಂದರು. ಒಂದು ದೀನಾರಿಗೆ 10 ದಿರ್ಹಮ್ ಎಂದು ಹಿಡಿದರೂ ಐದನೆಯ ಒಂದು ಭಾಗ ನಷ್ಟ. ನೆರೆಯವನ ಹಕ್ಕು ಹೆಚ್ಚಿನದೆಂದು ಪ್ರವಾದಿವರ್ಯರಿಂದ(ಸ) ಕೇಳಿರದಿದ್ದರೆ ಕೊಡುತ್ತಿರಲಿಲ್ಲ ಎಂದು ಹೇಳಿಯೇ ಅಬೂ ರಾಫಿಅ್ ಅವುಗಳನ್ನು ಸಅದ್ ಅವರಿಗೆ ಕೊಟ್ಟರು. ಅವರು ನಷ್ಟವನ್ನು ನಷ್ಟವೆಂದೇ ಕರೆದರು, ಬಾಯಿಬಿಟ್ಟು ಹೇಳಿದರು, ಬಳಿಕ ಕೊಟ್ಟರು. ಬುಖಾರಿಯಲ್ಲಿರುವ ಈ ವರದಿ ನನಗೆ ಪ್ರಿಯವಾಗಿರುವುದು ಆ ಕಾರಣಕ್ಕೇ.

ಒಂಬತ್ತು ದಿನ ಯಾವ ಸುದ್ದಿಯೂ ಇರಲಿಲ್ಲ. ಹತ್ತನೆಯ ದಿನ ಇಶಾ ನಮಾಝಿನ ಬಳಿಕ ಹಾಜಿ ಸಾಹೇಬರು ಬೇಕರಿಯವನನ್ನೂ ನನ್ನನ್ನೂ ಕರೆದು ಕೂರಿಸಿದರು. “ಬೇಟಾ, ಪತ್ರದಲ್ಲಿರುವುದು ಇಪ್ಪತ್ತು ಅಡಿ. ಮುಂದಿನ ನಾಲ್ಕು ಅಡಿ ನಮ್ಮದಲ್ಲ” ಎಂದರು.

ಹುಡುಗ ತಲೆ ತಗ್ಗಿಸಿದ. “ಗೊತ್ತು ಚಾಚಾ. ನಾನು ಮೊದಲೇ ಅಳೆದಿದ್ದೇನೆ.”

ಆ ಮಾತಿಗೆ ನಾನು ಸಿದ್ಧನಾಗಿರಲಿಲ್ಲ. ಅವನಿಗೆ ಎಲ್ಲವೂ ತಿಳಿದಿತ್ತು, ಆದರೂ 72 ಲಕ್ಷ ಕೊಡಲು ಒಪ್ಪಿದ್ದ. ಕಾರಣ ಸರಳವಾಗಿತ್ತು. ಬೇಕರಿಯ ಗಾಜಿನ ಕಪಾಟು, ಚಹಾದ ಕೌಂಟರ್, ಸಂಜೆಯ ಪಫ್ಸ್ ವ್ಯಾಪಾರ ಎಲ್ಲವೂ ನಡೆಯುವುದು ಆ ನಾಲ್ಕು ಅಡಿಯಲ್ಲೇ. ಅದಿಲ್ಲದ ಮಳಿಗೆ ಅವನಿಗೆ ಬೇಕಿರಲಿಲ್ಲ. ವಿಷಯವೆತ್ತಿದರೆ ಹಾಜಿ ಸಾಹೇಬರು ಹಿಂಜರಿದಾರು ಎಂದು ಅವನು ಸುಮ್ಮನಿದ್ದ. ಬ್ರೋಕರ್‌ಗೆ ಆ ರಾತ್ರಿ ಫೋನ್ ಮಾಡಿದಾಗ ಅವರು ನಕ್ಕುಬಿಟ್ಟರು. ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು, ಇಬ್ಬರೂ ಸಂತೋಷದಿಂದ ಒಪ್ಪಿದ್ದಾರೆ, ಇನ್ನು ನಿಮ್ಮ ಶಾಸ್ತ್ರದ ಅಡ್ಡಿಯೇನು ಎಂದು ಕೇಳಿದರು.

ಪ್ರಶ್ನೆ ಗಟ್ಟಿಯಾಗಿಯೇ ಇತ್ತು. ಪರಸ್ಪರ ಒಪ್ಪಿಗೆಯ ವ್ಯಾಪಾರವನ್ನು ಕುರ್‌ಆನ್ ಸಮ್ಮತಿಸುತ್ತದೆ. ಮುಚ್ಚಿಟ್ಟದ್ದು ಈಗ ಬಯಲಾಗಿದೆ. ಹಾಗಾದರೆ ಉಳಿದದ್ದೇನು?

ಆ ರಾತ್ರಿ ನಾನು ಕಪಾಟಿನಿಂದ ಹಿದಾಯ ಗ್ರಂಥವನ್ನು ತೆಗೆದೆ. ಕರಾವಳಿಯವರಾದ ನಾವು ಶಾಫಿಈಗಳು. ಆದರೆ ಹಾಜಿ ಸಾಹೇಬರು ಇಲ್ಲಿನ ಬಹುಪಾಲು ಜನರಂತೆ ಹನಫಿ ಮದ್‌ಹಬಿನವರು, ಅವರಿಗೆ ಅವರ ಗ್ರಂಥದಿಂದಲೇ ಹೇಳುವುದು ಸರಿ. ಎಂಟು ಶತಮಾನಗಳ ಹಿಂದೆ ಮರ್ಗೀನಾನಿಯವರು ಅದರಲ್ಲಿ ಸಾರ್ವಜನಿಕ ದಾರಿಯಲ್ಲಿ ಮನುಷ್ಯನು ಹೊಸದಾಗಿ ಎಬ್ಬಿಸುವ ವಸ್ತುಗಳ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ದಾರಿಗೆ ಚಾಚಿದ ಶೌಚಗೃಹ, ನೀರಿನ ದೋಣಿ, ಹೊರಚಾಚು, ಕೊನೆಗೆ ‘ದುಕ್ಕಾನ್’. ಅಂದಿನ ಬಳಕೆಯಲ್ಲಿ ಅದು ಸರಕು ಹರಡಿ ಕೂರುವ ಕಟ್ಟೆ. ನಾವಿಂದು ಅಂಗಡಿಗೆ ಹೇಳುವ ‘ದುಕಾನ್’ ಅದೇ ಪದ. ಇವುಗಳನ್ನು ಯಾರಾದರೂ ದೊಡ್ಡ ದಾರಿಯಲ್ಲಿ ಕಟ್ಟಿದರೆ, ಜನಸಾಮಾನ್ಯರಲ್ಲಿ ಯಾವನೇ ಒಬ್ಬನಿಗೂ ಅದನ್ನು ತೆಗೆಸುವ ಹಕ್ಕಿದೆ ಎಂಬುದು ಅಲ್ಲಿನ ವಿಧಿ. ಯಾವನೇ ಒಬ್ಬ ದಾರಿಹೋಕ! ಏಕೆಂದರೆ ದಾರಿಯಲ್ಲಿ ನಡೆಯುವ ಪ್ರತಿಯೊಬ್ಬನೂ ಅದರ ಹಕ್ಕುದಾರ. ನಮ್ಮ ವ್ಯವಹಾರದಲ್ಲಿ ಒಪ್ಪಿದವರು ಇಬ್ಬರೇ. ಮೂರನೆಯ ಕಕ್ಷಿದಾರನನ್ನು ಯಾರೂ ಕರೆದಿರಲಿಲ್ಲ.

ಆ ಮೂರನೆಯವನನ್ನು ಹುಡುಕಲು ನಾನು ದೂರ ಹೋಗಬೇಕಿರಲಿಲ್ಲ. ನಮ್ಮ ಮದ್ರಸದ ಮಕ್ಕಳು ಬೆಳಿಗ್ಗೆ ಆರೂವರೆಗೆ ಆ ಅಂಗಡಿ ಸಾಲಿನ ಮುಂದೆಯೇ ಬರುತ್ತಾರೆ. ಒಂಬತ್ತು ಅಂಗಡಿಗಳು ಮುಂದಕ್ಕೆ ನಡೆದ ಮೇಲೆ ಅಲ್ಲಿ ಕಾಲುದಾರಿ ಉಳಿದಿಲ್ಲ. ಮಕ್ಕಳು ರಸ್ತೆಗೇ ಇಳಿಯುತ್ತಾರೆ. ಬದಿಯಲ್ಲೇ ಬಸ್ಸು, ಸಿಮೆಂಟ್ ಲಾರಿ. ಅಬ್ಬಾಯ ಧರಿಸಿದ ಹೆಂಗಸರು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದರಲ್ಲಿ ತರಕಾರಿ ಚೀಲವನ್ನೂ ಹಿಡಿದು ನಿಂತ ಆಟೋಗಳನ್ನು ಬಳಸಿ ನಡೆಯುತ್ತಾರೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ವಿಶ್ವಾಸದ ಒಂದು ಶಾಖೆ ಎಂಬ ಹದೀಸನ್ನು ಅದೇ ಮಕ್ಕಳಿಗೆ ನಾನು ಕಲಿಸುತ್ತೇನೆ. ಅವರು ಮುಳ್ಳು, ಕಲ್ಲು, ಬಾಳೆಹಣ್ಣಿನ ಸಿಪ್ಪೆ ಎಂದು ಉದಾಹರಣೆ ಬರೆಯುತ್ತಾರೆ. ಷಟರ್ ಎಂದು ಇದುವರೆಗೆ ಯಾರೂ ಬರೆದಿಲ್ಲ.

ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಏಳು ಭೂಮಿಗಳ ನೊಗ ಬೀಳುವುದೆಂಬ ಹದೀಸ್ ಎಲ್ಲರಿಗೂ ತಿಳಿದದ್ದೇ. ಅದನ್ನು ವರದಿ ಮಾಡಿದ ಸಈದ್ ಬಿನ್ ಝೈದ್(ರ)ರ ಮೇಲೆಯೇ ಒಬ್ಬ ಮಹಿಳೆ ಭೂಕಬಳಿಕೆಯ ದೂರು ಕೊಟ್ಟಿದ್ದಳು. ಈ ಮಾತನ್ನು ಕೇಳಿಯೂ ನಾನು ಅವಳ ನೆಲವನ್ನು ತೆಗೆದುಕೊಳ್ಳುವೆನೇ ಎಂದು ಅವರು ಆಡಳಿತಗಾರನ ಮುಂದೆ ಕೇಳಿ, ವಿವಾದದ ನೆಲವನ್ನೇ ಬಿಟ್ಟುಕೊಟ್ಟರು. ನಾವು ಈ ಹದೀಸನ್ನು ನೆರೆಯವನ ಬೇಲಿಗೆ ಮಾತ್ರ ಅನ್ವಯಿಸುತ್ತೇವೆ. ರಸ್ತೆಗೆ ಯಜಮಾನನಿಲ್ಲ, ಆದ್ದರಿಂದ ಕೇಳುವವರಿಲ್ಲ ಎಂದು ನಮ್ಮ ಭಾವನೆ. ಅಳತೆಯಲ್ಲಿ ಗೇಣಿಗೆ ಒಂಬತ್ತು ಅಂಗುಲ. ನಾಲ್ಕು ಅಡಿಯೆಂದರೆ ಐದು ಗೇಣು ದಾಟಿತು.

ಇದನ್ನೆಲ್ಲ ನಾನು ಇಬ್ಬರಿಗೂ ಹೇಳಿದೆ. ಹುಡುಗ, “ಉಸ್ತಾದ್, ನಾನೊಬ್ಬ ಹಿಂದೆ ಸರಿದರೆ ಪಕ್ಕದ ಎಂಟು ಅಂಗಡಿಗಳ ನಡುವೆ ನನ್ನದು ಗೂಡಿನಂತೆ ಒಳಗೆ ಹೋಗಿ ಯಾರಿಗೂ ಕಾಣುವುದಿಲ್ಲ” ಎಂದ. ಅದು ನಿಜ. ನಾನು ಸುಳ್ಳು ಸಮಾಧಾನ ಹೇಳಲಿಲ್ಲ. ಮೆಟ್ರೋ ಕಾಮಗಾರಿಗೆ ರಸ್ತೆ ಅಗಲವಾದರೆ ಎಂಟು ಅಂಗಡಿಗಳೂ ಹಿಂದಕ್ಕೆ ಬರಬೇಕಾದೀತು, ಪರಿಹಾರ ಕೇಳಲು ಕೈಯಲ್ಲಿ ಕಾಗದ ಬೇಕು, ನಾಲ್ಕು ಅಡಿಗೆ ಕಾಗದವಿಲ್ಲ ಎಂದಷ್ಟೇ ನೆನಪಿಸಿದೆ. ನನ್ನ ಹದೀಸ್‌ಗಳಿಗಿಂತ ಈ ಲೌಕಿಕ ವಾದವೇ ಅವನ ಮೇಲೆ ಹೆಚ್ಚು ಕೆಲಸ ಮಾಡಿತೆಂದು ನನ್ನ ಗುಮಾನಿ. ಇರಲಿ.

ಕೊನೆಗೆ 240 ಚದರಡಿಗೆ 60 ಲಕ್ಷ ಎಂದು ತೀರ್ಮಾನವಾಯಿತು. ಆದರೆ ಬ್ರೋಕರ್ ತಂದ ಕರಡಿನಲ್ಲಿ ಬೇರೆಯೇ ಅಂಕಿ ಇತ್ತು. ಮಾರ್ಗಸೂಚಿ ದರದ ಪ್ರಕಾರ ಬರುವ ಮೊತ್ತವನ್ನಷ್ಟೇ ಪತ್ರದಲ್ಲಿ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ವಾಡಿಕೆ ಎಲ್ಲರಿಗೂ ಗೊತ್ತಿರುವುದೇ. ಅದರಿಂದ ಒಬ್ಬರಿಗೆ ತೆರಿಗೆ ಉಳಿಯುತ್ತದೆ, ಇನ್ನೊಬ್ಬರಿಗೆ ಮುದ್ರಾಂಕ ಶುಲ್ಕ ಉಳಿಯುತ್ತದೆ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು ಮತ್ತು ಅಧಿಭಾರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. 60 ಲಕ್ಷಕ್ಕೆ ಇವೆಲ್ಲ ಸೇರಿ ನಾಲ್ಕೂವರೆ ಲಕ್ಷ ದಾಟುತ್ತದೆ. ಹೊಟ್ಟೆ ಉರಿಯುವುದು ಸಹಜ. ಆದರೆ 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದೇ ನಿಷಿದ್ಧ. ಅದಿರಲಿ, ಆ ಪತ್ರಕ್ಕೆ ಸಾಕ್ಷಿ ನಾನು. ನೀವು ಸಾಕ್ಷಿಯಾಗುವುದು ಸಹಿಗೆ ಮಾತ್ರ, ಒಳಗಿನ ಅಂಕಿಗಲ್ಲ ಎಂದು ಬ್ರೋಕರ್ ತಿಳಿಹೇಳಿದರು. ಕಾನೂನಿನ ದೃಷ್ಟಿಯಲ್ಲಿ ಅವರೇ ಸರಿ. ಆದರೆ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲ ಮತ್ತು ವ್ಯವಹಾರವನ್ನು ಬರೆದಿಡುವುದರ ಕುರಿತೇ ಇದೆ. ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳು ಇರಬೇಕು, ಸಾಕ್ಷ್ಯವನ್ನು ಮುಚ್ಚಿಡಬಾರದು ಎಂದು ಅಲ್ಲಿಯೂ ಮುಂದಿನ ಸೂಕ್ತದಲ್ಲಿಯೂ ಬರುತ್ತದೆ. ಪೂರ್ಣ ಪ್ರತಿಫಲ ಮುಟ್ಟಿದೆ ಎಂಬ ವಾಕ್ಯವನ್ನು ಅವರಿಗೆ ಓದಿ ಅರ್ಥ ಹೇಳಿದವನೇ ನಾನಾಗಿರುವಾಗ, ಅದು ಸುಳ್ಳೆಂದು ತಿಳಿದೂ ಕೆಳಗೆ ಹೆಸರು ಬರೆಯುವುದು ಹೇಗೆ? ಬೇರೆ ಸಾಕ್ಷಿಯನ್ನು ನೋಡಿಕೊಳ್ಳಿ ಎಂದೆ. ಬೇರೆಯವರು ಸಿಗದೆ ಇರುವ ಊರಲ್ಲ ಇದು. ಆದರೂ ಹಾಜಿ ಸಾಹೇಬರು ಕರಡನ್ನು ಬದಲಿಸಿ ಎಂದರು. ಪೂರ್ಣ ಮೊತ್ತವನ್ನು ಬರೆಸಲಾಯಿತು, ಬೆಲೆ 50 ಲಕ್ಷ ಮೀರಿದ್ದರಿಂದ ಕೊಳ್ಳುವವನು ಶೇ. 1ರಂತೆ 60,000 ರೂಪಾಯಿಯನ್ನು ಮೂಲದಲ್ಲೇ ಕಡಿತ ಮಾಡಿ ತೆರಿಗೆ ಇಲಾಖೆಗೆ ಕಟ್ಟಿದ, ಉಳಿದದ್ದು ಬ್ಯಾಂಕಿನ ಮೂಲಕ ಹೋಯಿತು. ಬ್ರೋಕರ್ ತಮ್ಮ ಕಮಿಷನ್ನಿನಲ್ಲಿ ಹತ್ತು ಸಾವಿರ ಬಿಟ್ಟುಕೊಟ್ಟರು. ಏಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನೋಂದಣಿಯ ದಿನ ಹೆಬ್ಬೆರಳ ಗುರುತು ಕೊಡಲು ಹಾಜಿ ಸಾಹೇಬರ ಬೆರಳು ಯಂತ್ರಕ್ಕೆ ಒಪ್ಪಲಿಲ್ಲ. ಸವೆದ ಬೆರಳು, ನಾಲ್ಕು ಸಲ ಒರೆಸಿ ಒತ್ತಿಸಬೇಕಾಯಿತು. ಅವರ ಮಗ ನನ್ನೊಡನೆ ಇಂದಿಗೂ ಸಲಾಮಿನಾಚೆ ಮಾತು ಬೆಳೆಸುವುದಿಲ್ಲ. ಬೇಕರಿಯವನು ರಮಝಾನಿಗೆ ಮುನ್ನ ಷಟರನ್ನು ಹಳೆಯ ಗೋಡೆಯ ಸಾಲಿಗೆ ಸರಿಸಿದ. ಪಕ್ಕದ ಗೋಡೆಗಳನ್ನೂ ಒಡೆಸಿ, ಸಿಮೆಂಟಿನ ನೆಲವನ್ನು ರಸ್ತೆಯ ಮಟ್ಟಕ್ಕೆ ಇಳಿಸಿದ. ಗಾಜಿನ ಕಪಾಟು ಒಳಗೆ ಹೋಯಿತು. ಚಹಾದ ಕೌಂಟರ್ ಮಾತ್ರ ಇನ್ನೂ ಒಂದೂವರೆ ಅಡಿ ಹೊರಗಿದೆ. ಅದಕ್ಕೆ ಚಕ್ರ ಹಾಕಿಸಿದ್ದಾನೆ. ಮಕ್ಕಳು ಬರುವ ಹೊತ್ತಿಗೆ ಒಳಗೆ ತಳ್ಳುತ್ತೇನೆ ಉಸ್ತಾದ್ ಎನ್ನುತ್ತಾನೆ. ಕೆಲವು ದಿನ ತಳ್ಳಿರುತ್ತಾನೆ, ಕೆಲವು ದಿನ ನಾನು ನೆನಪಿಸಬೇಕಾಗುತ್ತದೆ.